ನಾರು ತೆಗೆಯುವ ಕೈ

ಅತ್ತೆ ಗಂಗುಬಾಯಿ ನಾರುಹುಣ್ಣಿನವರ ಮುಂದೆ ಕೂತಳೆಂದರೆ ರೇವಮ್ಮ ಹಂಚಿನ ಮೇಲಿನ ರೊಟ್ಟಿಯನ್ನೂ ಮರೆತು ನೋಡುತ್ತಿದ್ದಳು. ಹುಣ್ಣಿನಿಂದ ಇಣುಕಿದ ಬಿಳಿ ಹುಳು, ಅದೇ ನಾರು, ದಾರದಷ್ಟು ಸಣ್ಣದು, ಮೊಳದುದ್ದದ್ದು. ಅದನ್ನು ಅತ್ತೆ ಕಡ್ಡಿಗೆ ದಿನಕ್ಕೆ ಎರಡು ಬೆರಳಷ್ಟೇ ಸುತ್ತುವಳು. ಅವಸರಪಟ್ಟು ಹರಿದರೆ ಕಾಲೇ ಕೊಳೆಯುತ್ತದೆ. ಅವಳ ಕೈಯಲ್ಲಿ ಒಮ್ಮೆಯೂ ಹರಿದಿರಲಿಲ್ಲ. ಬೇಸಿಗೆಯಲ್ಲಿ ಖಜೂರಿ ಊರಿನ ಕಡೆಯಿಂದಲೂ ಜನ ಕುಂಟುತ್ತ ಬಂದು ತೋರಿಸಿಕೊಂಡು, ಒಂದಿಷ್ಟು ಜೋಳ ಕೊಟ್ಟು ಹೋಗುತ್ತಿದ್ದರು. ಗಂಡ ಸತ್ತ ಮೇಲೆ ಮಗ ಚಂದ್ರಾಮನನ್ನು ಅವಳು ಬೆಳೆಸಿದ್ದು ಆ ಜೋಳದಿಂದಲೇ.

ನಿಜಾಮರ ಕಾಲ ಅದು. ಯುಗಾದಿಯಾದ ವಾರಕ್ಕೆ ಆಳಂದದ ದವಾಖಾನೆಯಿಂದ ಮಲಂಗಸಾಬ ಎಂಬ ನೌಕರ ಬಂದ. ಮೆಟ್ಟಿಲುಬಾವಿಯ ನೀರನ್ನು ಗಾಜಿನ ಲೋಟದಲ್ಲಿ ತುಂಬಿ ಬಿಸಿಲಿಗೆ ಹಿಡಿದ. ಒಳಗೆ ಸಾಸಿವೆಗಿಂತ ಸಣ್ಣ ಚುಕ್ಕೆಗಳು ಕುಪ್ಪಳಿಸುತ್ತಿದ್ದವು. ನಾರು ಹೊಟ್ಟೆಗಿಳಿಯುವುದು ಇವುಗಳ ಜೊತೆಗೇ, ಹುಣ್ಣಿನ ಕಾಲನ್ನು ಬಾವಿಗಿಟ್ಟರೆ ಹುಳು ನೀರಲ್ಲಿ ಮರಿ ಬಿಡುತ್ತದೆ, ಇಡಬೇಡಿ, ನೀರನ್ನು ಎರಡು ಪದರ ಬಟ್ಟೆಯಲ್ಲಿ ಸೋಸಿ ಕುಡಿಯಿರಿ ಎಂದ. ಸುತ್ತ ನೆರೆದವರು ನಕ್ಕು ಚದುರಿದರು. ಗಂಗುಬಾಯಿ ಮಾತ್ರ ಲೋಟವನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದಳು. ಕುಡಿದ ಎಷ್ಟು ದಿನಕ್ಕೆ ಹುಳು ಹೊರಗೆ ಬರುತ್ತದೆ ಎಂದು ಕೇಳಿದಳು. ಹೆಚ್ಚುಕಡಿಮೆ ಒಂದು ವರ್ಷ ಎಂದ ಆತ.

ಮರುದಿನದಿಂದ ಅವಳು ಬಾವಿಯ ಮೇಲಿನ ಮೆಟ್ಟಿಲಲ್ಲೇ. ಹುಣ್ಣಿನವರನ್ನು ಕೆಳಗಿಳಿಯಗೊಡದೆ ಅವರ ಕೊಡವನ್ನು ತಾನೇ ತುಂಬಿ ತರುವಳು. ಗಂಡ ತಲೆಗೆ ಸುತ್ತುತ್ತಿದ್ದ ಉದ್ದನೆಯ ರುಮಾಲನ್ನು ಟ್ರಂಕಿನಿಂದ ತೆಗೆದು ಹರಿದು ಮನೆಮನೆಗೆ ತುಂಡು ಹಂಚಿದಳು.

"ನಾರೇ ಹೋದ್ರ ನಿನಗ ಜ್ವಾಳ ಯಾರ್ ಕೊಡ್ತಾರ ಆಯಿ?" ಎಂದ ಪಕ್ಕದ ಮನೆಯ ಧರ್ಮಣ್ಣ.

"ನಿನ್ನ ಹೊಲಕ್ಕ ಕೂಲಿ ಬರ್ತೇನಿ. ಬಿತ್ತೋ ಹೊತ್ತಿಗಿ ನಿನಗ ಕಾಲಿದ್ರ ಸಾಕು."

ತಿಂಗಳಾಗಿರಲಿಲ್ಲ, ರೇವಮ್ಮನ ಎಂಟು ವರ್ಷದ ಮಗಳು ನಿಂಬೆವ್ವನ ಹಿಮ್ಮಡಿಯಲ್ಲೇ ಹುಣ್ಣು ಎದ್ದಿತು. ಶಾಲೆ ನಿಂತಿತು. ಇನ್ನೊಮ್ಮೆ ಹೀಗಾದರೆ ಹೆಸರು ತೆಗೆಸುತ್ತೇನೆ ಎಂದ ಅವಳಪ್ಪ ಚಂದ್ರಾಮ. ಸೋಸಿದವರ ಮನೆಗೇ ನಾರು ಬಂತೆಂದು ಊರವರು ಬಟ್ಟೆ ಎಸೆದರು.

"ದಿನಾ ನಾನೇ ಸೋಸೀನಿ ಅತ್ತಿ. ಆದ್ರೂ ಕೂಸಿನ ಕಾಲು ನೋಡ್ರಿ," ಎಂದಳು ರೇವಮ್ಮ.

ಗಂಗುಬಾಯಿ ಕಡ್ಡಿಯಿಂದ ಕಣ್ಣು ತೆಗೆಯಲಿಲ್ಲ. "ಹೋದ ವರ್ಷ ಕುಡ್ದದ್ದು ಈಗ ಹೊಂಟದ ಯವ್ವಾ. ಕೂಸು ಹೊಟ್ಟ್ಯಾಗ ಒಂಬತ್ತು ತಿಂಗಳಿರ್ತದ, ಇದು ಹನ್ನೆರಡು. ಇವತ್ತ ಬಸುರಾದಾಕಿಗಿ ನಾಳಿ ಹಡಿ ಅಂದ್ರ ಹಡಿತಾಳೇನು?"

ಅದೇ ಮಾತನ್ನು ಬಾಗಿಲು ಬಾಗಿಲಿಗೆ ಒಯ್ದಳು. ಗಂಡಸರು ತಲೆ ಕೊಡವಿದರು. ತಿಂಗಳು ಎಣಿಸಿ ಗೊತ್ತಿದ್ದ ಹೆಂಗಸರಿಗೆ ಅದು ತಿಳಿಯಿತು. ಹದಿನಾಲ್ಕು ಮನೆಯವರು ಕೊಡದ ಬಾಯಿಗೆ ಮತ್ತೆ ಬಟ್ಟೆ ಕಟ್ಟಿದರು. ರೇವಮ್ಮ ಜ್ವರ ಬಂದ ದಿನವೂ ಸೋಸುವುದನ್ನು ಬಿಡಲಿಲ್ಲ.

ಮರುಬೇಸಿಗೆ ಜನ ಎಂದಿನಂತೆ ಕುಂಟುತ್ತ ಬಂದರು. ಆ ಹದಿನಾಲ್ಕು ಮನೆಗಳಿಂದ ಒಬ್ಬರೂ ಬರಲಿಲ್ಲ. ರೇವಮ್ಮ ದಿನಾ ಬೆಳಿಗ್ಗೆ ಮಗಳ ಅಂಗಾಲು ತಿರುವಿ ನೋಡುವಳು. ಮುಂಗಾರಿನ ಮಿರಗದ ಮೊದಲ ಮಳೆ ಬಿದ್ದ ದಿನ ನಿಂಬೆವ್ವ ಪಾಟಿ ತಲೆಗೆ ಅಡ್ಡ ಹಿಡಿದು ಕೆಸರಲ್ಲಿ ಶಾಲೆಗೆ ಓಡಿದಳು.

ಅವತ್ತೇ ಧರ್ಮಣ್ಣ ಬಾತ ಮೊಣಕಾಲು ಹಿಡಿದುಕೊಂಡು ಕಟ್ಟೆಗೆ ಬಂದು ಕೂತ. ಹೊಲ ಹದವಾಗಿತ್ತು, ಅವನಿಗೆ ಏಳಲಾಗುತ್ತಿರಲಿಲ್ಲ. ಗಂಗುಬಾಯಿ ಹಳೆಯ ಮಾತು ತೆಗೆಯದೆ ಕಡ್ಡಿ ತೆಗೆದುಕೊಂಡಳು.

"ನನಗೂ ಒಂದ್ ತುಂಡು ಬಟ್ಟಿ ಸಿಗ್ತದೇನು ಆಯಿ?"

"ಮೊದಲ ಕಾಲು ಚಾಚು. ಬಟ್ಟಿ ರೇವಿ ಕೊಡ್ತಾಳ."

ರೇವಮ್ಮ ಟ್ರಂಕು ತೆರೆದಳು. ಮಾವನ ರುಮಾಲು ಎಂದೋ ಮುಗಿದಿತ್ತು. ಗಂಡನ ಹೊಸ ಧೋತರ ಕೈಗೆ ಬಂತು. ಒಂದು ಗಳಿಗೆ ನೋಡಿ, ಅಂಚನ್ನು ಹಲ್ಲಿನಲ್ಲಿ ಕಚ್ಚಿ ಸೀಳಿದಳು.