ಎಡಗಡೆಯ ಮಡ್‌ಗಾರ್ಡು

ಬೊಮ್ಮಯ್ಯ ಮೂರನೇ ಸಲ ಮಾಡಿದ ಮಡ್‌ಗಾರ್ಡೂ ಗಾಡಿಗೆ ಕೂಡಲಿಲ್ಲ.

ಶಿರವಾಡದ ತನ್ನ ಶೆಡ್ಡಿನಲ್ಲಿ ಇಪ್ಪತ್ತೆಂಟು ವರ್ಷಗಳಿಂದ ಟಿಂಕರಿಂಗ್ ಮಾಡಿಕೊಂಡು ಬಂದವನು ಅವನು. ಮೀನಿನ ಲಾರಿಯಾಗಲಿ ಜೀಪಾಗಲಿ, ತಗಡು ಕೊಳೆತು ಬಂದರೆ ಹೊಸದನ್ನು ಬಡಿದು ಕೂಡಿಸಿ ಕಳಿಸುತ್ತಿದ್ದ. 2005ರ ಮಳೆಗಾಲ ಮುಗಿದ ಮೇಲೆ ಕೇಣಿಯ ವಿಕಾಸ ನಾಯಕ ತೀರಿಹೋದ ತಂದೆಯ ಫಿಯಟ್ ಕಾರನ್ನು ತಂದು ನಿಲ್ಲಿಸಿದ. ಐವತ್ತು ವರ್ಷ ಹಳೆಯ ಗಾಡಿ, ಮೂತಿ ನೋಡಿ ಜನ ಡುಕ್ಕರ ಫಿಯಟ್, ಅಂದರೆ ಹಂದಿ ಫಿಯಟ್, ಎಂದು ಕರೆಯುವಂಥದ್ದು. ಇಂಜಿನ್ ದುರಸ್ತಿ ಅಂಕೋಲೆಯಲ್ಲೇ ಮುಗಿದಿತ್ತು. ಆದರೆ ಉಪ್ಪುಗಾಳಿಗೆ ಎಡಗಡೆಯ ಮುಂದಿನ ಮಡ್‌ಗಾರ್ಡು ಹಪ್ಪಳದ ಹಾಗೆ ಪುಡಿಯಾಗಿತ್ತು. ಹುಬ್ಬಳ್ಳಿಯ ಗುಜರಿಗಳಲ್ಲೂ ಅಂಥದ್ದು ಸಿಗಲಿಲ್ಲ. ತಗಡಿನಿಂದ ಹೊಸದಾಗಿ ಮಾಡಬೇಕಿತ್ತು.

ಬಲಗಡೆಯದು ಗಟ್ಟಿಯಾಗಿದ್ದರಿಂದ ಬೊಮ್ಮಯ್ಯ ಅದರ ಅಳತೆಗೆ ರಟ್ಟು ಕತ್ತರಿಸಿ, ಮಗುಚಿ, ಎಡಗಡೆಗೆ ತಗಡು ಕತ್ತರಿಸಿದ. ಮರಳಿನ ಚೀಲದ ಮೇಲಿಟ್ಟು ಮರದ ಸುತ್ತಿಗೆಯಿಂದ ವಾರವಿಡೀ ಬಡಿದು ಉಬ್ಬು ತಂದ. ಗಾಡಿಗೆ ಹಿಡಿದು ನೋಡಿದರೆ ಬಾಗಿಲಿನ ಬಳಿ ಒಂದು ಬೆರಳಿನಷ್ಟು ಸಂದು. ಎರಡನೆಯದೂ ಹಾಗೇ.

ಫೆಬ್ರವರಿಯಲ್ಲಿ ಗೋವಾದಲ್ಲಿ ಹಳೆ ಕಾರುಗಳ ಮೆರವಣಿಗೆಯಿತ್ತು. ಅಷ್ಟರೊಳಗೆ ಕೆಲಸ ಮುಗಿಯಬೇಕೆಂದು ವಿಕಾಸ ಪ್ರತಿ ಭಾನುವಾರ ಬರುತ್ತಿದ್ದ. ಬ್ಯಾಂಕಿನ ಕೆಲಸದವನು. ಮಾತು ಮೆತ್ತಗೆ, ಆದರೆ ಒಂದು ಕೈಯಲ್ಲಿ ಸ್ಕೇಲು, ಇನ್ನೊಂದರಲ್ಲಿ ಸೈಬರ್ ಕೆಫೆಯಲ್ಲಿ ಪ್ರಿಂಟ್ ಮಾಡಿಸಿದ ಚಿತ್ರ.

"ಕಂಪನಿಯದ್ದು ಹ್ಯಾಂಗಿತ್ತೋ ಹಾಂಗೇ ಬೇಕು ಬೊಮ್ಮಣ್ಣ. ಇದ್ರಲ್ಲಿ ನೋಡು, ಸಂದೇ ಇಲ್ಲ."

"ಫೋಟೋ ನೋಡಿ ತಗಡು ಬಗ್ತದಾ ನಾಯಕ್ರೆ?"

ಮೂರನೆಯದೂ ಕೂಡದಿದ್ದಾಗ ಬೊಮ್ಮಯ್ಯ ಗಾಡಿಯ ಎರಡೂ ಬದಿಗೆ ದಾರ ಹಿಡಿದು ಅಳೆದ. ಮತ್ತೊಮ್ಮೆ ಅಳೆದ. ಆ ಭಾನುವಾರ ವಿಕಾಸ ಬಂದಾಗ ಹೇಳಿಯೇಬಿಟ್ಟ. "ನಿಮ್ಮ ಗಾಡಿ ಬಲಬದಿ ಒಂದು ಇಂಚು ಹಿಂದೆ ಅದೆ. ಎಲ್ಲೋ ಗುದ್ದಿದ ಗಾಡಿ ಇದು. ಬಲಗಡೆ ಮಡ್‌ಗಾರ್ಡಿನ ಬಣ್ಣ ಕೆರೆದು ನೋಡ್ವ."

"ಅದನ್ನು ಮುಟ್ಟೂದು ಬೇಡ. ಕಂಪನಿಯದ್ದು ಅಂತ ಉಳಿದದ್ದು ಅದೊಂದೇ. ಪಪ್ಪ ಇದ್ರ ಮೇಲೆ ಒಂದು ಗೀರೂ ಬೀಳೂಕೆ ಬಿಟ್ಟವರಲ್ಲ." ವಿಕಾಸ ಸ್ಕೇಲನ್ನು ಜೇಬಿಗೆ ಹಾಕಿಕೊಂಡ. "ನಿನ್ನ ಕೈಲಿ ಆಗೂದಿಲ್ಲಾದ್ರೆ ಆಗೂದಿಲ್ಲ ಹೇಳು."

ಬೊಮ್ಮಯ್ಯ ಸುತ್ತಿಗೆಯನ್ನು ಮೂಲೆಗೆ ಎಸೆದ. "ಹಾಂಗಾದ್ರೆ ತಕಂಡು ಹೋಗಿ ಮಾರಾಯ್ರೆ. ನಂಗೆ ಸಾಕಾಯ್ತು."

ಮಂಗಳವಾರ ಮಧ್ಯಾಹ್ನ ವಿಕಾಸನ ತಾಯಿ ಹೀರಾ ಬಸ್ಸಿಳಿದು ಒಬ್ಬರೇ ಬಂದರು. ನಿವೃತ್ತ ಶಾಲಾ ಶಿಕ್ಷಕಿ, ಎಲ್ಲರಿಗೂ ಅಕ್ಕೋರು. ಮಗನ ಪರವಾಗಿ ಜಗಳಕ್ಕೆ ಬಂದರೆಂದು ಬೊಮ್ಮಯ್ಯ ಮೈ ಬಿಗಿಮಾಡಿಕೊಂಡ. ಅವರು ಸ್ಟೂಲಿನ ಮೇಲೆ ಕೂರದೆ ನೇರ ಕಾರಿನ ಬಲಬದಿಗೆ ಹೋದರು.

"ಇದು ಗುದ್ದಿದ ಗಾಡಿ ಹೇಳಿದ್ಯಂತೆ?"

"ಹೌದು ಅಕ್ಕೋರೆ. ನಿಮ್ಮ ಮಗ ನಂಬೂದಿಲ್ಲ."

"ಅವನಿಗೆ ಗೊತ್ತಿಲ್ಲ. ಗುದ್ದಿದ್ದು ನಾನು."

ಮದುವೆಯಾಗಿ ಎರಡು ವರ್ಷಕ್ಕೆ ಗಂಡ ಅವರಿಗೆ ಗಾಡಿ ಕಲಿಸುತ್ತಿದ್ದರಂತೆ. ಹಣಕೋಣದ ತಿರುವಿನಲ್ಲಿ ಎಮ್ಮೆ ಅಡ್ಡ ಬಂದು ಕಾರು ಚಿರೇಕಲ್ಲಿನ ಗೋಡೆಗೆ ಹೊಡೆಯಿತು. ಇಬ್ಬರಿಗೂ ಏನೂ ಆಗಲಿಲ್ಲ. ಗಂಡ ಅದನ್ನು ಹುಬ್ಬಳ್ಳಿಯಲ್ಲಿ ಒಂದು ತಿಂಗಳು ಇಟ್ಟು ರಿಪೇರಿ ಮಾಡಿಸಿ, ಮನೆಯಲ್ಲಿ ಇಂಜಿನ್ ಕೆಟ್ಟಿತ್ತೆಂದು ಹೇಳಿದರು.

"ಅತ್ತೆ ನಂಗೆ ಬೈತಾರೆ ಹೇಳಿ ಅವರೇ ಮುಚ್ಚಿಟ್ರು. ನಾನು ಮತ್ತೆ ಸ್ಟೇರಿಂಗ್ ಮುಟ್ಲಿಲ್ಲ."

ಬೊಮ್ಮಯ್ಯ ಗೋಡೆಗೆ ಒರಗಿಸಿದ್ದ ಮೂರು ಮಡ್‌ಗಾರ್ಡುಗಳ ಕಡೆ ನೋಡಿದ. "ಮೂರು ತಿಂಗಳ ಹಿಂದೆ ಇದೊಂದು ಮಾತು ಹೇಳೂಕಾಗ್ಲಿಲ್ವಾ ಅಕ್ಕೋರೆ?"

"ನಂಗೆ ಯಾರು ಕೇಳಿದ್ರು?" ಹೀರಾ ಅವರ ದನಿಯೂ ಏರಿತು. "ಅವ ಊಟಕ್ಕೆ ಕೂತ್ರೆ ಮಡ್‌ಗಾರ್ಡು, ಎದ್ರೆ ಮಡ್‌ಗಾರ್ಡು. ಪಪ್ಪ ಹೀಂಗಿಟ್ಟಿದ್ರು, ಪಪ್ಪ ಹಾಂಗಿಟ್ಟಿದ್ರು. ಕೇಳಿ ಕೇಳಿ ನಂಗೂ ತಲೆ ಕೆಟ್ಟೋಗ್ಯದೆ. ನೀ ಕೆರಿ."

ಕೆರೆದ. ಬಣ್ಣದ ಕೆಳಗೆ ದಪ್ಪನೆಯ ಪುಟ್ಟಿಯ ಲೇಪ, ಅದರ ಕೆಳಗೆ ಗ್ಯಾಸ್ ವೆಲ್ಡಿಂಗಿನ ಗಂಟುಗಳು, ಸುತ್ತಿಗೆಯ ಗುರುತುಗಳು. ಸೊಟ್ಟಗಾದ ಗಾಡಿಗೆ ತಕ್ಕ ಹಾಗೆ ಯಾವನೋ ಸೊಟ್ಟಗೇ ಬಡಿದು ಕೂಡಿಸಿದ್ದ. ಆ ಸೊಟ್ಟನ್ನೇ ಬೊಮ್ಮಯ್ಯ ಮೂರು ಸಲ ನಕಲು ಮಾಡಿ ಸರಿಯಿದ್ದ ಬದಿಗೆ ಹಚ್ಚಲು ಹೋಗಿದ್ದ. ನಗು ಬರಬೇಕಿತ್ತು, ಬರಲಿಲ್ಲ.

ಬ್ಯಾಂಕು ಮುಗಿಸಿ ತಾಯಿಯನ್ನು ಕರೆದೊಯ್ಯಲು ವಿಕಾಸ ಬಂದಾಗ ಅವರೇ ಅವನಿಗೂ ಎಲ್ಲ ಹೇಳಿದರು. ಅವನು ಬಗ್ಗಿ ವೆಲ್ಡಿಂಗಿನ ಗಂಟುಗಳ ಮೇಲೆ ಬೆರಳಾಡಿಸಿದ.

"ಪಪ್ಪ ನಂಗೆ ಒಂದ್ಸಲನೂ ಹೇಳ್ಲಿಲ್ಲ ಆಯಿ."

"ಅದು ನನ್ನ ಗುಟ್ಟು. ಅವರು ಎಂತಕ್ಕೆ ಹೇಳ್ತಾರೆ?"

ವಿಕಾಸ ಬೊಮ್ಮಯ್ಯನ ಕಡೆ ತಿರುಗಿದ. "ನಾ ಮೊನ್ನೆ ಹೇಳಿದ್ದು..."

"ಬಿಡಿ. ಎರಡೂ ಬದಿ ಹೊಸದಾಗಿ ಮಾಡ್ಬೇಕು. ಗೋವಾ ಮರ್ತುಬಿಡಿ."

ಗೋವಾದ ಮೆರವಣಿಗೆ ಅವರಿಲ್ಲದೆ ಆಗಿಹೋಯಿತು. ಬೊಮ್ಮಯ್ಯ ಸರಪಳಿ ಮತ್ತು ಜಾಕು ಹಾಕಿ ಬಲಬದಿಯನ್ನು ಎಳೆದು ನೇರ ಮಾಡಿದ. ಎರಡೂ ತಗಡುಗಳನ್ನು ಗಾಡಿಗೇ ಹಿಡಿದು ಹಿಡಿದು ಬಡಿದ. ಮಾರ್ಚಿ ತಿಂಗಳಲ್ಲಿ ಎರಡೂ ಕೂಡಿದವು. ಬಾಗಿಲಿನ ಸಂದು ಎರಡೂ ಕಡೆ ಒಂದೇ ಸಮ.

ಬಣ್ಣಕ್ಕೆ ಒಯ್ಯಲು ವಿಕಾಸ ಬಂದ ದಿನ ಹೀರಾ ಅವರೂ ಬಂದಿದ್ದರು. ಬೊಮ್ಮಯ್ಯ ಡ್ರೈವರ್ ಸೀಟಿನ ಬಾಗಿಲು ತೆರೆದು ಹಿಡಿದ. "ಅಕ್ಕೋರೆ, ಕೂತ್ಕಳಿ."

ಬೇಡವೆಂದರು, ಮಗನ ಮುಖ ನೋಡಿದರು, ಕೊನೆಗೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತರು. ಗಾಡಿ ಎರಡು ಸಲ ಜಗ್ಗಿ ನಿಂತಿತು.

"ಆಯಿ, ಕ್ಲಚ್ಚು ನಿಧಾನ."

"ನೀ ಸುಮ್ನಿರು."

ಮೂರನೆಯ ಸಲ ಕಾರು ಶೆಡ್ಡಿನಿಂದ ಹೊರಟು ಮಣ್ಣು ರಸ್ತೆಯಲ್ಲಿ ಹೈವೇ ತನಕ ಹೋಗಿ, ಮೆಲ್ಲಗೆ ಮರಳಿ ಬಂತು. ಹೀರಾ ಇಳಿದಾಗ ಅವರ ಮುಖ ಕೆಂಪಾಗಿತ್ತು, ನಗುತ್ತಿದ್ದರು. ಬೊಮ್ಮಯ್ಯ ಗಾಡಿಯ ಸುತ್ತ ಹೋಗಿ ಎರಡೂ ಮಡ್‌ಗಾರ್ಡುಗಳ ಮೇಲೆ ಅಂಗೈ ಸವರಿ ನೋಡಿದ. ಎಲ್ಲೂ ಏನೂ ತಾಗಿರಲಿಲ್ಲ. ಆಮೇಲೆ ಎಲ್ಲರಿಗೂ ಚಹಾ ತರಿಸಿದ.