ತಮ್ಮ ನುಂಗಿದ ಗುಂಡುಸೂಜಿ

ಚಳಿ ಹಿಂದೆ ಸರಿಯುತ್ತಿದ್ದ ಕಾಲ. ಮಂಗಳವಾರ ಬೆಳಿಗ್ಗೆ ಎಂಟು ಗಂಟೆಗೆ ತಮ್ಮನ ಕೈ ಹಿಡಿದು ಆಸ್ಪತ್ರೆಯ ನೆಲಮಾಳಿಗೆಗೆ ಇಳಿದೆ. ಅವನ ಲಿವರಿನಲ್ಲಿ ಒಂದು ಮಚ್ಚೆ ಕಂಡಿತ್ತು. ಅದು ಕೆಟ್ಟದ್ದೋ ಅಲ್ಲವೋ ಅಂತ ಇಲ್ಲಿನ ದೊಡ್ಡ ಯಂತ್ರವೇ ಹೇಳಬೇಕಿತ್ತು. ಆಸ್ಪತ್ರೆಯ ವಾಸನೆಗೆ ಅವನ ಹೆಂಡತಿಗೆ ತಲೆ ಸುತ್ತುತ್ತದೆ. ಅದಕ್ಕೇ ನನ್ನನ್ನು ಊರಿನಿಂದ ಕರೆಸಿದ್ದರು.

ಯಂತ್ರ ನಡೆಸುವಾಕೆ ಬಿಡಿಸಿ ಹೇಳಿದಳು. "ಒಳಗೆ ಭಾರಿ ಅಯಸ್ಕಾಂತ ಇದೆ. ರೇಡಿಯೋ ಅಲೆ ಬಿಟ್ಟು ಹೊಟ್ಟೆಯೊಳಗಿನ ಚಿತ್ರ ತೆಗೀತೀವಿ. ಮೈಯಲ್ಲಿ ಕಬ್ಬಿಣ ಗಿಬ್ಬಿಣ ಏನಾದ್ರೂ ಇದೆಯಾ?"

"ಏನೂ ಇಲ್ಲ," ಅಂದ ತಮ್ಮ.

"ಗುಂಡುಸೂಜಿ ನುಂಗಿದ್ದಾನೆ," ಅಂದೆ ನಾನು.

ತಮ್ಮ ದರ್ಜಿ. ಅಪ್ಪನ ಅಂಗಡಿಯಲ್ಲಿ ನಾನು ಗುಂಡಿ ಹೊಲಿಯುತ್ತಿದ್ದೆ, ಅವನು ತುಟಿಯಲ್ಲಿ ಸೂಜಿ ಕಚ್ಚಿಕೊಂಡು ಬಟ್ಟೆ ಹಿಡಿಯುತ್ತಿದ್ದ. ಆಗ ಅವನಿಗೆ ಹದಿನಾರು. ನಾನೇನೋ ಹೇಳಿ ನಗಿಸಿದೆ, ಗುಳುಂ ಅಂತ ಒಳಗೆ ಹೋಯಿತು. ಅಪ್ಪನಿಗೆ ಹೇಳಲಿಲ್ಲ. ಅದು ಹೊರಗೆ ಬಂತೋ ಇಲ್ಲವೋ, ಇಬ್ಬರೂ ನೋಡಲಿಲ್ಲ.

"ಐವತ್ತು ವರ್ಷದ ಮಾತು! ನನ್ನ ಮಾನ ತೆಗೀಬೇಡ್ವೇ ಅಕ್ಕ."

"ಮಾನ ಹೋದ್ರೆ ಹೊಲ್ಕೋಬಹುದು, ಸುಮ್ನಿರು."

ಆಕೆ ನಗಲಿಲ್ಲ. ಮೊದಲು ಎಕ್ಸ್‌ರೇಗೆ ಕಳಿಸಿದಳು. ಸೂಜಿ ಎಲ್ಲೂ ಇರಲಿಲ್ಲ. "ಹೇಳಿದ್ದು ಒಳ್ಳೇದಾಯ್ತು," ಅಂದಳು. ನನ್ನ ಬಳೆ, ಪಿನ್ನು ತೆಗೆಸಿ, ಕಿವಿಗೆ ಹತ್ತಿ ಕೊಟ್ಟು, ಅವನ ಕಾಲ ಬಳಿ ಕೂರಿಸಿದಳು.

ತಮ್ಮನ ಕಿವಿ ಮಂದ. ಕಿವಿಯ ಮಿಷನ್ನನ್ನೂ ತೆಗೆಸಿದ್ದರು. ಕೊಳವೆಯೊಳಗೆ ಢಣಢಣ ಸದ್ದು. "ಉಸಿರು ಹಿಡೀರಿ" ಅಂದದ್ದು ಅವನಿಗೆ ಕೇಳಿಸಲಿಲ್ಲ. ಎರಡು ಸಲ ಚಿತ್ರ ಅಲುಗಿ ಹೋಯಿತು.

ಕೊನೆಗೆ ನಾವೇ ಒಂದು ದಾರಿ ಮಾಡಿಕೊಂಡೆವು. ಗಾಜಿನಾಚೆ ಆಕೆ ಕೈ ಎತ್ತಿದರೆ ನಾನು ಅವನ ಕಾಲಿನ ಹೆಬ್ಬೆರಳು ಅದುಮಬೇಕು, ಅವನು ಉಸಿರು ಹಿಡಿಯಬೇಕು. ಕೈ ಇಳಿಸಿದರೆ ಬಿಡಬೇಕು. ಅದುಮಿದಾಗೆಲ್ಲ ನನ್ನ ಉಸಿರೂ ತಾನೇ ನಿಲ್ಲುತ್ತಿತ್ತು. ಅವನ ಕಾಲು ತಣ್ಣಗಿತ್ತು, ಹಿಮ್ಮಡಿ ಒಡೆದಿತ್ತು. ಎಷ್ಟು ವರ್ಷವಾಗಿತ್ತು ಈ ಕಾಲು ಮುಟ್ಟಿ.

ಹೊರಗೆ ಬಂದವನೇ, "ಬೆರಳು ಮುರಿದೇಬಿಟ್ಟೆ, ರಾಕ್ಷಸಿ," ಅಂದ. ಕಣ್ಣು ಒದ್ದೆಯಾಗಿತ್ತು. ನಾನು ನೋಡದವಳಂತೆ ಅವನ ಅಂಗಿಯ ಗುಂಡಿ ಹಾಕಿದೆ.

ಎರಡು ದಿನ ತಮ್ಮನ ಮನೆಯಲ್ಲೇ ಕಾದೆ. ಗುರುವಾರ ಡಾಕ್ಟರಮ್ಮ ಚಿತ್ರ ಮುಂದಿಟ್ಟುಕೊಂಡು, "ಇದು ರಕ್ತನಾಳದ ಗಂಟು ಅಷ್ಟೇ. ಹುಟ್ಟಿದಾಗಿಂದ ಇದ್ದಿರಬಹುದು. ಏನೂ ಮಾಡೋದು ಬೇಡ," ಅಂದರು.

ತಮ್ಮ ನನ್ನ ಕಡೆ ತಿರುಗಿದ. "ಎತ್ತಿ ಆಡಿಸಿದೋಳು ನೀನು. ನಿನಗೂ ಗೊತ್ತಾಗ್ಲಿಲ್ವಾ?"

"ನೀನು ಅಳೋದು ನಿಲ್ಲಿಸಿದ್ರೆ ತಾನೇ ನೋಡೋಕೆ," ಅಂದೆ.

ಇನ್ನೆರಡು ದಿನ ಇರು ಅಂತ ಗೋಗರೆದ. ಊರಲ್ಲಿ ನನ್ನ ಎಮ್ಮೆ ಬೇರೆಯವರ ಕೈಗೆ ಹಾಲು ಕೊಡುವುದಿಲ್ಲ. ಶುಕ್ರವಾರ ಬೆಳಗಿನ ಬಸ್ಸಿಗೆ ನಾನು ಹೊರಟೆ.