ಏಳನೇ ಫಾರಂ

ಪುಸ್ತಕ ಕಟ್ಟುವ ಆ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ದಾರದಕ್ಕ ಎಂದೇ ಕರೆಯುತ್ತಿದ್ದರು. ಅಚ್ಚಾಗಿ ಬಂದ ದೊಡ್ಡ ಹಾಳೆಗಳನ್ನು ಹದಿನಾರು ಪುಟಗಳ ಫಾರಂಗಳಾಗಿ ಮಡಚುವುದು, ಫಾರಂಗಳನ್ನು ಒಂದರ ಮೇಲೊಂದಿಟ್ಟು ಹೊಲಿಯುವುದು, ಇಪ್ಪತ್ತಾರು ವರ್ಷಗಳಿಂದ ಇದೇ ಅವಳ ಕೆಲಸ. ಒಳಗೆ ಏನಿದೆ ಎಂದು ಓದುವವಳಲ್ಲ. ಪುಟದ ಸಂಖ್ಯೆ ಹಿಂದೆಮುಂದೆ ಆಗದಿದ್ದರೆ ಸಾಕು.

ಆ ಮಂಗಳವಾರ ಮೇಜಿನ ಮೇಲಿದ್ದದ್ದು ಬೆನ್ನುನೋವಿನವರಿಗಾಗಿ ಬರೆದ ವ್ಯಾಯಾಮದ ಪುಸ್ತಕ. ಪುಟಪುಟಕ್ಕೂ ಫೋಟೊ. ಏಳನೇ ಫಾರಂ ಮಡಚುತ್ತಿದ್ದವಳ ಕೈ ನೂರಮೂರನೇ ಪುಟದ ಮೇಲೆ ನಿಂತಿತು. ಬನಿಯನ್ ತೊಟ್ಟ ಗಂಡಸೊಬ್ಬ ಓದುಗನಿಗೆ ಬೆನ್ನು ಮಾಡಿ, ಒಂಟಿಕಾಲಲ್ಲಿ ನಿಂತು, ಎರಡೂ ಕೈಗಳನ್ನು ಮೇಲಕ್ಕೆತ್ತಿದ್ದ. ಎಡ ಹೆಗಲಿನ ಕೆಳಗೆ ಅಂಗೈಯಗಲದ ಸುಟ್ಟ ಕಲೆ. ಆ ಕಲೆಯನ್ನು ಅವಳು ದಿನಾ ಬೆಳಿಗ್ಗೆ ಸೋಪು ಹಚ್ಚಿ ಉಜ್ಜುತ್ತಿದ್ದಳು. ಪುಟ ತಿರುಗಿಸಿದಳು. ಅದೇ ಗಂಡಸು ಈಗ ಇತ್ತ ಮುಖ ಮಾಡಿ, ಬಗ್ಗಿ ಕಾಲ್ಬೆರಳು ಮುಟ್ಟುತ್ತಾ ನಗುತ್ತಿದ್ದ.

ಅವನು ಅವಳ ಗಂಡ.

ಬಸ್ ಡ್ರೈವರ್ ಆಗಿದ್ದ ಅವನು ಬೆನ್ನುಮೂಳೆ ಜಾರಿ ಹಾಸಿಗೆ ಹಿಡಿದು ಎರಡು ವರ್ಷ ಕಳೆದಿತ್ತು. ಬೆಳಿಗ್ಗೆ ಅವನನ್ನು ಎತ್ತಿ ಕೂರಿಸಿ, ಮೈ ತೊಳೆಸಿ, ಊಟ ನೀರು ಕೈಗೆಟುಕುವಲ್ಲಿಟ್ಟು ಅವಳು ಕೆಲಸಕ್ಕೆ ಬರುತ್ತಿದ್ದಳು. ಸಂಜೆ ಹೋದವಳೇ ಮತ್ತೆ ಎತ್ತುತ್ತಿದ್ದಳು.

ಮಧ್ಯಾಹ್ನ ಪುಸ್ತಕ ಬರೆದ ವ್ಯಾಯಾಮದ ಟೀಚರ್ ಮೊದಲ ಪ್ರತಿ ನೋಡಲು ಬಂದರು. ದಾರದಕ್ಕ ಫಾರಂ ಹಿಡಿದು ಅವರ ಮುಂದೆ ನಿಂತಳು.

"ಇವರು ಯಾರು ಮೇಡಂ?"

"ಅವರಾ, ನಮ್ಮ ಡ್ರೈವರ್ ಸಾಹೇಬ್ರು. ದಿನಾ ಹನ್ನೊಂದಕ್ಕೆ ಕ್ಲಾಸಿಗೆ ಬರ್ತಾರೆ. ಮೊದಲು ಗೋಡೆ ಹಿಡ್ಕೊಂಡು ಬಂದೋರು, ಈಗ ನೋಡಿ, ಹುರಿಗಟ್ಟಿದ ಹಗ್ಗ ಆಗಿದಾರೆ."

"ಈ ಫೋಟೊ ಯಾವಾಗ ತೆಗೆದಿದ್ದು?"

"ಚಳಿ ಶುರುವಾಗಿತ್ತು. ನವೆಂಬರ್ ಇರಬೇಕು." ಟೀಚರ್ ನಕ್ಕರು. "ಮನೇಲಿ ಹೇಳ್ಬೇಡಿ, ಹೆಂಡತಿಗೆ ಒಂದಿನ ನಾನೇ ನಡೆದು ತೋರಿಸ್ತೀನಿ ಅಂದಿದ್ರು. ಯಾಕೆ, ನಿಮಗೆ ಪರಿಚಯಾನಾ?"

"ಗೊತ್ತು ಅಂದ್ಕೊಂಡಿದ್ದೆ," ಎಂದಳು ದಾರದಕ್ಕ.

ನವೆಂಬರ್ ತಿಂಗಳಲ್ಲಿ ಅವಳ ಅಕ್ಕ ನಾಲ್ಕು ಗಂಟೆ ಪ್ರಯಾಣದ ಊರಲ್ಲಿ ಕೊನೆಯುಸಿರು ಎಳೆಯುತ್ತಿದ್ದಳು. ಮೂರು ಸಲ ಫೋನ್ ಮಾಡಿದ್ದಳು. "ಎರಡು ದಿನ ಬಂದಿರೇ. ನಿನ್ನ ಮುಖ ನೋಡ್ಬೇಕು." ಮೂರು ಸಲವೂ ಇವಳದು ಒಂದೇ ಉತ್ತರ: "ಇವರನ್ನ ಎತ್ತೋರು ಯಾರೂ ಇಲ್ವಲ್ಲ ಅಕ್ಕ." ಕೊನೆಗೆ ಹೆಣ ನೋಡಲು ಹೋದವಳು ಚಿತೆಯ ಬೆಂಕಿ ಆರುವ ಮೊದಲೇ ಬಸ್ಸು ಹತ್ತಿದ್ದಳು. ಮನೆಯಲ್ಲಿ ಎತ್ತಬೇಕಾದವನು ಕಾಯುತ್ತಿದ್ದನಲ್ಲ.

ಅರ್ಧ ದಿನ ರಜೆ ಕೇಳಿ ಅವಳು ಮನೆಗೆ ನಡೆದಳು. ಬಸ್ಸಿದೆ ಎನ್ನುವುದೇ ನೆನಪಾಗಲಿಲ್ಲ. ಒಳಗಿನಿಂದಲೂ ತೆರೆಯುವ ಬಾಗಿಲನ್ನು ತನ್ನ ಕೀಲಿಯಿಂದ ತೆಗೆದಾಗ ಅವನು ಮಂಚದ ಮೇಲೆ ಎಂದಿನ ಹಾಗೆ ಮಲಗಿದ್ದ. ಮಂಚದ ಕೆಳಗಿನ ಚಪ್ಪಲಿಗೆ ಹಸಿ ಮಣ್ಣು ಮೆತ್ತಿತ್ತು. ಆ ಮಹಡಿಯವರೆಲ್ಲ ಕೆಲಸಕ್ಕೆ ಹೋಗುವವರು, ಹಗಲಲ್ಲಿ ನರಪಿಳ್ಳೆಯೂ ಇರುವುದಿಲ್ಲ.

"ಇವತ್ತೇನು ಬೇಗ ಬಂದೆ? ಸ್ವಲ್ಪ ಎತ್ತಿ ಕೂರಿಸು," ಎಂದ.

ಅವಳು ಏಳನೇ ಫಾರಂ ಅವನ ಎದೆಯ ಮೇಲಿಟ್ಟಳು. ಅವನು ನೋಡಿದ. ಅದನ್ನು ಮಗುಚಿ ಹಾಕಿದ.

"ಏಳಿ," ಎಂದಳು.

"ಕೇಳು ಇಲ್ಲಿ..."

"ಮೊದಲು ಏಳಿ. ನಾನು ನೋಡ್ಬೇಕು."

ಅವನು ಎದ್ದ. ಯಾರ ಕೈಯೂ ಹಿಡಿಯದೆ ಕಾಲು ಕೆಳಗಿಟ್ಟು, ನೆಟ್ಟಗೆ ನಿಂತ. ಫೋಟೊ ನೋಡಿದಾಗಲೂ, ಟೀಚರ್ ಮಾತು ಕೇಳಿದಾಗಲೂ ಎಲ್ಲೋ ಒಂದು ಮೂಲೆಯಲ್ಲಿ ಅವಳಿಗೆ ಇದು ಬೇರೆ ಯಾರೋ ಇರಬಹುದು ಎಂಬ ಆಸೆಯಿತ್ತು. ಈಗ ಅದೂ ಹೋಯಿತು. ಅವಳೇ ನೆಲಕ್ಕೆ ಕುಸಿದು ಕೂತಳು. ಅವನು ಹಿಡಿಯಲು ಬಂದ. "ಮುಟ್ಟಬೇಡಿ," ಎಂದಳು.

ಅವನು ಮಾತಾಡಿದ. "ಮೊದಮೊದಲು ಹೆದರಿಕೆ. ಹಿಂದೆ ಎರಡು ಸಲ ನಡೀತೀನಿ ಅಂತ ಎದ್ದು ಬಿದ್ದೆ, ನೀನು ಎಷ್ಟು ಅತ್ತೆ. ಪೂರ್ತಿ ವಾಸಿಯಾದ ಮೇಲೆ ಹೇಳೋಣ ಅಂದ್ಕೊಂಡೆ. ಆಮೇಲೆ..."

"ಆಮೇಲೆ?"

"ಇಪ್ಪತ್ನಾಲ್ಕು ವರ್ಷ ನಾನು ರಸ್ತೇಲಿ, ನೀನು ಕಾರ್ಖಾನೇಲಿ. ನೀನು ನನ್ನ ಪಕ್ಕ ಕೂತು ತಲೆ ಬಾಚಿದ್ದು ಈ ಎರಡು ವರ್ಷ ಮಾತ್ರ. ನಡೆದುಬಿಟ್ರೆ ಅದು ನಿಂತುಹೋಗುತ್ತೆ ಅನ್ನಿಸ್ತು."

"ಅಕ್ಕ ಫೋನ್ ಮಾಡಿದಾಗ ನೀವು ಇದೇ ಮಂಚದ ಮೇಲೆ ಇದ್ರಿ. ಕೇಳಿಸಿಕೊಂಡ್ರಿ."

ಅವನು ಮಂಚದ ಅಂಚಿಗೆ ಕೂತ.

"ಹೋಗಿ ಬಾ ಅನ್ನೋಕೆ ಬೆನ್ನು ಬೇಕಾಗಿರ್ಲಿಲ್ಲ. ನಾಲಿಗೆ ಸಾಕಿತ್ತು."

"ಅವತ್ತು ಹೇಳಿದ್ರೆ, ಇಷ್ಟು ದಿನ ಯಾಕೆ ಮುಚ್ಚಿಟ್ರಿ ಅಂತ ನೀನು ಕೇಳ್ತಿದ್ದೆ. ನಾಳೆ ಹೇಳೋಣ, ನಾಡಿದ್ದು ಹೇಳೋಣ ಅಂದ್ಕೊಂಡೆ. ಅಷ್ಟರಲ್ಲಿ ಅವರು ಹೋಗೇಬಿಟ್ರು."

ಮರುದಿನ ಅವಳು ಕೆಲಸಕ್ಕೆ ಹೋದಳು. ಪುಸ್ತಕ ಶನಿವಾರಕ್ಕೆ ಕೊಡಬೇಕಿತ್ತು. ಐನೂರು ಪ್ರತಿಗಳ ಏಳನೇ ಫಾರಮ್ಮಿಗೂ ಸೂಜಿ ಹಾಯಿಸಿದಳು, ಐನೂರು ಸಲ ಆ ನಗುಮುಖ ಕಂಡಿತು. ಅವಳ ಮುಖ ನೋಡಿ ಬೇರೆಯವರಿಗೆ ಕೊಡು ಎಂದು ಕಾರ್ಖಾನೆಯ ಯಜಮಾನರು ಹೇಳಿದರೂ ಬಿಡಲಿಲ್ಲ. ಯಾಕೆಂದು ಕೇಳಿದರೆ ಅವಳಿಗೂ ಗೊತ್ತಿರಲಿಲ್ಲ. ಭಾನುವಾರ ಬೆಳಿಗ್ಗೆ ಒಂದು ಚೀಲ ಹಿಡಿದು ಅಕ್ಕನ ಮನೆಗೆ ಹೊರಟುಹೋದಳು.

ಭಾವನಿಗೆ ಅವಳು ಏನೂ ಹೇಳಲಿಲ್ಲ. ಅಕ್ಕನ ಸೀರೆಗಳನ್ನು ಮಡಚಿಟ್ಟಳು, ಕಪಾಟು ಒರೆಸಿದಳು. ಭಾವನೂ ಕೇಳಲಿಲ್ಲ.

ನಾಲ್ಕನೇ ದಿನ ಬಾಗಿಲಲ್ಲಿ ಅವಳ ಗಂಡ ನಿಂತಿದ್ದ. ನಾಲ್ಕು ಗಂಟೆ ಬಸ್ಸಲ್ಲಿ ಕೂತು ಬಂದಿದ್ದ. ಭಾವ ಬೆರಗಾಗಿ ಅವನ ಕಾಲಿನಿಂದ ಮುಖದವರೆಗೆ ನೋಡಿದರು.

"ನಡೀತಿದೀಯ?"

"ನಡೀತಿದೀನಿ ಅಣ್ಣ. ಸೆಪ್ಟೆಂಬರಿಂದ ನಡೀತಿದೀನಿ. ಇವಳಿಗೆ ಹೇಳಿರಲಿಲ್ಲ. ಅತ್ತಿಗೆ ಕರೆದಾಗಲೂ ಹೇಳಲಿಲ್ಲ. ತಪ್ಪು ಇವಳದಲ್ಲ, ನನ್ನದು. ಅದನ್ನ ನಿಮ್ಮ ಮುಂದೆ ಹೇಳೋಕೆ ಬಂದೆ."

ಭಾವ ಕುರ್ಚಿಯ ತೋಳು ಹಿಡಿದು ಕೂತರು. ಆಮೇಲೆ ಗೋಡೆಗೆ ಹೇಳುವ ಹಾಗೆ ಹೇಳಿದರು: "ಕೊನೆ ದಿನ ಬಾಗಿಲು ತೆಗೆದಾಗೆಲ್ಲ ತಲೆ ಎತ್ತೋಳು. ತಂಗಿ ಬಂದಳಾ ಅನ್ನೋಳು. ಅವಳಿಗೂ ಕಷ್ಟ ಇದೆ, ಬೈಕೊಬೇಡ ಅಂತ ನಾನೇ ಸಮಾಧಾನ ಮಾಡ್ತಿದ್ದೆ."

ದಾರದಕ್ಕ ಸೆರಗನ್ನು ಬಾಯಿಗೊತ್ತಿಕೊಂಡಳು. ಅವಳ ಗಂಡ ತಲೆ ತಗ್ಗಿಸಿ ನಿಂತೇ ಇದ್ದ.

ಭಾವ ಎದ್ದರು. "ಬೆನ್ನು ಸರಿಯಾಗಿದೆ ತಾನೇ? ಬಾ. ಒಳಗೆ ಅವಳು ಮಲಗಿದ್ದ ಮಂಚ ಇದೆ. ಆಸ್ಪತ್ರೆಯವರು ಅದನ್ನ ಬಾಡಿಗೆಗೆ ಕೊಟ್ಟಿದ್ದು, ವಾಪಸ್ ಮಾಡ್ಬೇಕು. ನನ್ನೊಬ್ಬನ ಕೈಲಿ ಆಗಿಲ್ಲ."

ಕಬ್ಬಿಣದ ಮಂಚ. ಭಾವ ತಲೆಯ ಕಡೆ ಹಿಡಿದರು, ಅವನು ಕಾಲಿನ ಕಡೆ. ಮೊಣಕಾಲು ಬಗ್ಗಿಸಿ, ಬೆನ್ನು ನೆಟ್ಟಗಿಟ್ಟು, ಟೀಚರ್ ಕಲಿಸಿದ ರೀತಿಯಲ್ಲೇ ಎತ್ತಿದ. ಇಬ್ಬರೂ ನಿಧಾನವಾಗಿ ಹೊಸಿಲು ದಾಟಿ ಮೆಟ್ಟಿಲಿಳಿದರು. ಒಂದು ಕಡೆಯೂ ಮಂಚ ವಾಲಲಿಲ್ಲ. ಕಿಟಕಿಯಲ್ಲಿ ನಿಂತ ಅವಳು ಅವರು ಬೀದಿ ತಲುಪುವವರೆಗೂ ಕಣ್ಣು ಮಿಟುಕಿಸದೆ ನೋಡಿದಳು.

ಸಂಜೆಯ ಬಸ್ಸಿಗೆ ಅವನೊಬ್ಬನನ್ನೇ ಕಳಿಸಿದಳು. "ನಾನು ಯಾವಾಗ ಬರ್ತೀನೋ ಗೊತ್ತಿಲ್ಲ," ಎಂದಳು. "ಬಾ ಅಂತ ಫೋನ್ ಮಾಡ್ಬೇಡಿ."

ಅವನು ಮಾಡಲಿಲ್ಲ. ಹನ್ನೆರಡು ದಿನ ಬಿಟ್ಟು ಅವಳು ಬಂದಾಗ ಮನೆ ಗುಡಿಸಿತ್ತು, ಅವನು ಅಡುಗೆ ಮಾಡುತ್ತಿದ್ದ. ಅವಳು ಕೈಕಾಲು ತೊಳೆದು ಊಟಕ್ಕೆ ಕೂತಳು. ಅವನು ಬಡಿಸಿದ. ಉಪ್ಪು ಜಾಸ್ತಿಯಾಗಿತ್ತು. ಅವಳು ಹೇಳಲಿಲ್ಲ, ತಟ್ಟೆಯಲ್ಲೂ ಬಿಡಲಿಲ್ಲ.